ಹಿಂದಿನ ಕ್ಯಾಮೆರಾದ ವೈರು ಮುಟ್ಟಬೇಡ

ಕೋಲಿನ್,

ನಾನು ಶಾಲೆಯ ಬಸ್ಸು ಓಡಿಸಲು ಹೊರಟೆ. ನೀನು ಎದ್ದ ತಕ್ಷಣ ಸ್ಕ್ರೂಡ್ರೈವರ್ ಹಿಡಿದು ನನ್ನ ಕಾರಿನ ಹತ್ತಿರ ಹೋಗುತ್ತೀಯ, ಗೊತ್ತು. ಹೋಗಬೇಡ.

ಗುರುವಾರ ಡಬ್ಬೋ ಪೇಟೆಯ ಸಿಗ್ನಲ್ಲಿನಲ್ಲಿ ನಿಂತಿದ್ದ ನನ್ನ ಕಾರಿಗೆ ಹಿಂದಿನಿಂದ ಗುದ್ದಿದವನು, "ಆ ಹೆಂಗಸೇ ರಿವರ್ಸ್ ಬಂದು ಗುದ್ದಿದ್ಲು" ಅಂತ ವಿಮೆಯವರ ಹತ್ತಿರ ಹೇಳಿದ್ದಾನೆ. ತಪ್ಪು ನನ್ನದೆಂದಾದರೆ ಬಸ್ಸಿನ ಕೆಲಸ ಹೋಗುತ್ತದೆ.

ನಿನ್ನೆ ಮೆಕ್ಯಾನಿಕ್ ವಿನ್ಸ್ ಕ್ಯಾಮೆರಾ ನೋಡಿ ಬಿದ್ದು ಬಿದ್ದು ನಕ್ಕ. "ಯಾವ ಪುಣ್ಯಾತ್ಮನಮ್ಮಾ ಇದಕ್ಕೆ ರಿವರ್ಸ್ ಲೈಟಿಂದ ಕರೆಂಟ್ ಕೊಟ್ಟಿದ್ದು?" ಅಂದ. ಗಾಡಿ ರಿವರ್ಸಿನಲ್ಲಿದ್ದಾಗ ಮಾತ್ರ ಅದು ಓಡುತ್ತದಂತೆ. ಎಂಟು ತಿಂಗಳಿಂದ ಅದರಲ್ಲಿ ರೆಕಾರ್ಡ್ ಆಗಿರುವುದು ಬರೀ ನಮ್ಮ ಗೇಟು, ಕಸದ ಡಬ್ಬಿ, ಪಕ್ಕದ ಮನೆಯ ನಾಯಿ. ನಿನ್ನ ತಲೆಗೆ ಕುಟ್ಟೋಣ ಅನ್ನಿಸಿತು.

ಬೆಳಿಗ್ಗೆ ಹಲ್ಲುಜ್ಜುವಾಗ ಹೊಳೆಯಿತು. ನಾನು ನಿಜಕ್ಕೂ ರಿವರ್ಸ್ ಬಂದಿದ್ದರೆ ಅದು ರೆಕಾರ್ಡ್ ಆಗಿರಬೇಕಿತ್ತಲ್ಲ! ಗುರುವಾರ ನಮ್ಮ ಗೇಟು ದಾಟಿದ ಮೇಲೆ ಅದರಲ್ಲಿ ಏನೂ ಇಲ್ಲ.

ವಿಮೆಯವನು ಹತ್ತಕ್ಕೆ ಬರುತ್ತಾನೆ. ವೈರು ಇದ್ದ ಹಾಗೇ ತೋರಿಸು. ಲ್ಯಾಮಿಂಗ್ಟನ್ ಕೇಕು ಡಬ್ಬಿಯಲ್ಲಿದೆ, ಅವನಿಗೂ ಒಂದು ಉಳಿಸು. ಯಾರು ವೈರು ಎಳೆದದ್ದು ಎಂದು ಕೇಳಿದರೆ ಎದೆಯುಬ್ಬಿಸಿ "ನಾನೇ" ಅನ್ನು. ನಾನು ಸಂಜೆ ಬಂದು ಬೈಯುತ್ತೇನೆ.

ಗ್ಲೆನಿಸ್