ಬಾಗಿಲವರೆಗೆ ಹೋದವನು

ಮಾರ್ಚ್ ೮, ಶನಿವಾರ

ಪ್ರೀತಿಯ ತಮ್ಮನಿಗೆ,

ನೀನು ಆರೋಗ್ಯವಾಗಿದ್ದೀಯ ಎಂದು ನಂಬಿ ಬರೆಯುತ್ತಿದ್ದೇನೆ. ನಾನೂ ನಿನ್ನ ಭಾವನೂ ಚೆನ್ನಾಗಿದ್ದೇವೆ. ನಿನ್ನ ಎರಡು ಪತ್ರಗಳು ಬಂದು ಮೇಜಿನ ಮೇಲೆ ಕೂತು ನನ್ನನ್ನೇ ನೋಡುತ್ತಿವೆ. ಕೆಲಸದ ನೆಪ ಹೇಳಿದರೆ ನೀನು ನಗುತ್ತೀಯ. ಆದರೆ ಈ ವಾರದ್ದು ನೆಪವಲ್ಲ, ಕೇಳು.

ನಮ್ಮ ಕೇಂದ್ರದ ಕೆಲಸ ನಿನಗೆ ಗೊತ್ತೇ ಇದೆ. ಜೈಲಿನಿಂದ ಹೊರಬಂದವರಿಗೆ ಕೆಲಸ, ಕೋಣೆ ಹುಡುಕಿಕೊಟ್ಟು ಒಂದು ವರ್ಷ ಬೆನ್ನಿಗಿರುತ್ತೇವೆ. ವರ್ಷ ತುಂಬಿದ ದಿನ ಅವರವರ ಫಾರಂನಲ್ಲಿ ‘ಮತ್ತೆ ಅಪರಾಧ ಮಾಡಿದ’ ಅಥವಾ ‘ಮಾಡಲಿಲ್ಲ’ ಎಂದು ಗುರುತು ಹಾಕುತ್ತೇವೆ. ಈ ಸಲದ ನಲವತ್ತು ಜನರಲ್ಲಿ ಒಂಬತ್ತು ಮಂದಿ ಮತ್ತೆ ಒಳಗೆ ಹೋಗಿದ್ದರು. ಹತ್ತಾದರೆ ಕೇಂದ್ರ ಮುಚ್ಚುತ್ತೇವೆಂದು ಮೇಲಿನಿಂದ ಆದೇಶ ಬಂದಿತ್ತು. ವರ್ಷ ತುಂಬದೆ ಉಳಿದಿದ್ದವನು ಒಬ್ಬನೇ, ಒಬ್ಬ ವೆಲ್ಡರ್. ಗೇಟು, ಕಿಟಕಿ ಸರಳು ಮಾಡುವ ವರ್ಕ್‌ಶಾಪಿಗೆ ನಾನೇ ಅವನನ್ನು ಸೇರಿಸಿದ್ದೆ. ಅವನಿಗೆ ವರ್ಷ ತುಂಬಲು ನಾಲ್ಕೇ ದಿನ.

ಸೋಮವಾರ ಬೆಳಿಗ್ಗೆ ವರ್ಕ್‌ಶಾಪಿನ ಯಜಮಾನರ ಫೋನು. “ಮೇಡಂ, ನಿಮ್ಮೋನು ಕೆಲಸಕ್ಕೆ ಬಂದಿಲ್ಲ. ನಿನ್ನೆ ಮಧ್ಯಾಹ್ನ ಹಿಂದಿನ ಬೀದಿ ಗೋದಾಮಿನ ಷಟರ್ ಯಾರೋ ಕೊಯ್ದಿದಾರೆ. ಅಲ್ಲಿ ಸಿಕ್ಕಿರೋದು ನನ್ನ ಗ್ಯಾಸ್ ಕಟರ್. ಪೊಲೀಸ್ರು ಇವನನ್ನೇ ಕೇಳ್ತಿದಾರೆ.”

ಅವನ ಮನೆಗೆ ಓಡಿದೆ. ಹೆಂಡತಿ ಬಾಗಿಲನ್ನು ಅರ್ಧವಷ್ಟೇ ತೆರೆದು, “ಬ್ಯಾಗ್ ತಗೊಂಡು ಹೋದ್ರು. ಏನ್ ಕೇಳಿದ್ರೂ ಬಾಯಿ ಬಿಡಲಿಲ್ಲ” ಎಂದಳು. ಬ್ಯಾಗ್ ಎಂದ ಮೇಲೆ ಬಸ್ ನಿಲ್ದಾಣವಲ್ಲದೆ ಇನ್ನೆಲ್ಲಿ? ಮೂರನೇ ಪ್ಲಾಟ್‌ಫಾರಂನ ಕಂಬದ ಹಿಂದೆ ತಲೆ ತಗ್ಗಿಸಿ ಕೂತಿದ್ದ.

“ನೀನು ಮಾಡಿದ್ಯಾ?” ಎಂದೆ. ವರ್ಷವಿಡೀ ‘ನೀವು’ ಎನ್ನುತ್ತಿದ್ದವಳು ಆ ಗಳಿಗೆಯಲ್ಲಿ ಏಕವಚನಕ್ಕೆ ಇಳಿದಿದ್ದೆ.

“ಇಲ್ಲ ಮೇಡಂ.”

“ಮತ್ಯಾಕೆ ಓಡ್ತಿದೀಯ?”

ಬ್ಯಾಗನ್ನು ಮಡಿಲಿಗೆ ಎಳೆದುಕೊಂಡ. “ಅಲ್ಲಿಗೆ ಹೋಗಿದ್ದೆ. ಹಳೇ ಜೊತೆಗಾರ ಕರೆದ. ಷಟರ್ ಕೊಯ್ದುಕೊಡು ಸಾಕು, ಒಳಗೆ ಬರೋದು ಬೇಡ ಅಂದ. ಕಟರ್ ಹೊತ್ಕೊಂಡು ಹೋಗಿ ಷಟರ್ ಮುಂದೆ ಕೂತೆ. ಬೆಂಕಿ ಹಚ್ಚೋಕೆ ಕೈ ಬರಲಿಲ್ಲ. ಎಲ್ಲಾ ಅಲ್ಲೇ ಬಿಟ್ಟು ಎದ್ದು ಬಂದೆ. ಯಾರು ನಂಬ್ತಾರೆ ಹೇಳಿ?”

ಅಷ್ಟರಲ್ಲಿ ಬಸ್ಸು ಬಂದು ನಿಂತಿತು. ನಿನ್ನ ಹತ್ತಿರ ಮುಚ್ಚಿಡುವುದೇನು, ಅವನು ಹತ್ತಿ ಹೋಗಲಿ ಎಂದು ನನಗೂ ಒಂದು ಕ್ಷಣ ಅನ್ನಿಸಿತು. ನಾಲ್ಕು ದಿನ ಯಾರ ಕೈಗೂ ಸಿಗದಿದ್ದರೆ ಸಾಕು, ಒಂಬತ್ತು ಒಂಬತ್ತಾಗಿಯೇ ಉಳಿಯುತ್ತಿತ್ತು.

“ಇದನ್ನೇ ಠಾಣೆಯಲ್ಲಿ ಹೇಳು. ಪಕ್ಕದಲ್ಲಿ ನಾನು ಕೂತಿರ್ತೀನಿ” ಎಂದೆ.

“ಬಿಡ್ತಾರಾ?”

“ಗೊತ್ತಿಲ್ಲ.”

ಸುಳ್ಳು ಭರವಸೆ ಕೊಡದಿದ್ದಕ್ಕೋ ಏನೋ, ಎದ್ದ. ಠಾಣೆಯ ಬೆಂಚಿನ ಮೇಲೆ ಸಂಜೆಯವರೆಗೆ ಕೂತೆವು. ಇನ್ಸ್‌ಪೆಕ್ಟರ್ ಒಂದೇ ಪ್ರಶ್ನೆಯನ್ನು ತಿರುಗಿಸಿ ಮುರುಗಿಸಿ ಏಳು ಸಲ ಕೇಳಿದರು. ಅವನು ಏಳು ಸಲವೂ ಒಂದೇ ಉತ್ತರ ಕೊಟ್ಟ. ಆಮೇಲೆ ಅವನನ್ನು ಒಳಗೆ ಹಾಕಿದರು. ಅವನ ಹೆಂಡತಿಗೆ ಅದನ್ನು ಹೇಳಬೇಕಾದವಳು ನಾನೇ. ಅವಳು ಅಳಲಿಲ್ಲ. “ನೀವೇ ಕರ್ಕೊಂಡು ಹೋಗಿ ಒಪ್ಪಿಸಿಬಿಟ್ರಲ್ಲ” ಎಂದಷ್ಟೇ ಹೇಳಿದಳು.

ಬುಧವಾರ ಆ ಜೊತೆಗಾರ ಮಾಲು ಸಮೇತ ಸಿಕ್ಕಿಬಿದ್ದ. “ಅವನೊಬ್ಬ ಪುಕ್ಕಲ ಸಾರ್, ಕಟರ್ ಎಸೆದು ಓಡಿಹೋದ. ನಾನೇ ಕೊಯ್ಯಬೇಕಾಯ್ತು” ಎಂದು ಬೈದನಂತೆ. ಆ ಬೈಗುಳವೇ ಸಾಕ್ಷಿಯಾಯಿತು, ನೋಡು. ವೆಲ್ಡರನನ್ನು ಬಿಟ್ಟರು.

ನಿನ್ನೆ ಫಾರಂ ತುಂಬುವಾಗ ನಮ್ಮ ಹಿರಿಯ ಅಧಿಕಾರಿ, “ಹಳಬರ ಸಹವಾಸ ಮಾಡಿದ್ದೂ ತಪ್ಪೇ ಅಲ್ವೇನಮ್ಮ? ಯಾವ ಕಡೆ ಗುರುತು ಹಾಕ್ತೀಯ?” ಎಂದರು. “ಬಾಗಿಲವರೆಗೆ ಹೋಗಿ ವಾಪಸು ಬಂದವನಿಗೆ ಇದರಲ್ಲಿ ಜಾಗ ಎಲ್ಲಿದೆ ಸರ್?” ಎಂದೆ. ‘ಮಾಡಲಿಲ್ಲ’ ಎಂದು ಗುರುತು ಹಾಕಿ, ಹಾಳೆಯ ಹಿಂದೆ ನಡೆದದ್ದನ್ನೆಲ್ಲ ಬರೆದೆ. ಅವರು ಎರಡು ಸಲ ಓದಿ ಸಹಿ ಮಾಡಿದರು. ಕೇಂದ್ರ ಸದ್ಯಕ್ಕೆ ಉಳಿದಿದೆ. ವರ್ಕ್‌ಶಾಪಿನ ಯಜಮಾನರೂ ಅವನನ್ನು ವಾಪಸು ಕರೆದಿದ್ದಾರೆ. “ಕೆಲಸ ಕೊಟ್ಟಿದೀನಿ ಮೇಡಂ, ಕಟರ್ ಕೊಟ್ಟಿಲ್ಲ” ಎನ್ನುತ್ತಾರೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಹೊರಡುವ ದಿನ ಹತ್ತಿರ ಬಂದಾಗ ಯಾರ ಮಾತಿಗೂ ಸಿಟ್ಟಿಗೇಳಬೇಡ. ಇನ್ನು ಮುಂದಾದರೂ ನಿನಗೆ ಎಲ್ಲ ಒಳ್ಳೆಯದೇ ಆಗಲಿ.

ನಿನ್ನ ಅಕ್ಕ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಹರಿದೆ. ಹೋದ ವರ್ಷ ನಿನ್ನನ್ನು ಅವಧಿಗೆ ಮುಂಚೆ ಬಿಡಲು ಸಮಿತಿ ಒಪ್ಪಲಿಲ್ಲ ಎಂದು ಬರೆದಿದ್ದೆನಲ್ಲ, ಅದು ಸುಳ್ಳು. ವಿಚಾರಿಸಲು ಒಬ್ಬರು ಮನೆಗೆ ಬಂದಿದ್ದರು. “ಬಿಟ್ಟರೆ ಮನೆಗೆ ಸೇರಿಸ್ಕೊಳ್ತೀರಾ?” ಎಂದು ಕೇಳಿದರು. ಅಮ್ಮ ಒಳಗೆ ಮಲಗಿದ್ದಳು. ಅವಳನ್ನು ಎಬ್ಬಿಸದೆ, ನಾನೇ ‘ಇಲ್ಲ’ ಎಂದು ಬರೆದು ಸಹಿ ಮಾಡಿದೆ. ಆಗಲೂ ನಾನು ಇದೇ ಕೆಲಸದಲ್ಲಿದ್ದೆ, ದಿನವೂ ಬೇರೆಯವರ ಅಕ್ಕಂದಿರ ಮನವೊಲಿಸುತ್ತಿದ್ದೆ. ಮೂರು ತಿಂಗಳಿಗೆ ಅಮ್ಮ ಹೋದಳು. “ಆ ಸಮಿತಿಯವರಿಗೆ ಮಕ್ಕಳಿಲ್ವೇನೇ?” ಎಂದು ಕೊನೆಯ ವಾರವೆಲ್ಲ ಕೇಳುತ್ತಿದ್ದಳು. ನಾನು ಅವಳ ಕಾಲು ಒತ್ತುತ್ತಾ ಕೂತಿರುತ್ತಿದ್ದೆ.

ಹದಿನೆಂಟನೇ ತಾರೀಖು ಜೈಲಿನ ಹೊರಗೆ ಕಾಯುತ್ತಿರುತ್ತೇನೆ. ನನ್ನ ಮನೆಗೆ ಬರಲು ಮನಸ್ಸಾಗದಿದ್ದರೆ, ಕೇಂದ್ರದ ಹತ್ತಿರ ನಿನಗಾಗಿ ಒಂದು ಕೋಣೆ ನೋಡಿಟ್ಟಿದ್ದೇನೆ.