ಹಿಂಬಾಗಿಲ ಅಲಾರಂ

ರೀ,

ನಮ್ಮ ಗೋಪಿ ಮಗ ನಿಹಾಲ್‌ನನ್ನು ಕರೆದುಕೊಂಡು ಗಾಲ್ಫ್ ಆಡಲು ಸ್ಕಾಟ್ಲೆಂಡಿಗೆ ಹೋಗಿದ್ದಾನೆ. ನೀವು ಅವನೊಂದಿಗೆ ಹೋಗಬೇಕೆಂದಿದ್ದ ಅದೇ ಕಡಲದಂಡೆಯ ಮೈದಾನಗಳು. ನೀವಿದ್ದಾಗ ಪ್ರತಿ ಬೇಸಿಗೆಯೂ ಮನೆಯಲ್ಲಿ ಏನಾದರೊಂದು ಕೆಲಸ ಬಂದು ಅದು ಮುಂದಕ್ಕೆ ಹೋಗುತ್ತಿತ್ತು.

ನೀವು ಹೋದಮೇಲೆ ಅವನು ಮನೆಗೆ, ಬಾಗಿಲು ತೆರೆದರೆ ಕೂಗುವ ಅಲಾರಂ ಹಾಕಿಸಿದ. ಸೊಸೆ ಆನ್ ಆರ್ಬರ್‌ನ ಆಸ್ಪತ್ರೆಗೆ ಕೆಲಸಕ್ಕೆ ಹೋದರೆ ಬರುವುದು ಸಂಜೆಗೆ. ಈ ಅಮೆರಿಕದಲ್ಲಿ ಕಾರಿಲ್ಲದೆ ಎಲ್ಲಿಗೂ ಹೋಗಲಾಗದು, ನನಗೆ ಓಡಿಸಲು ಬರುವುದಿಲ್ಲ. ಇಂದು ತುಳಸಿ ಕುಂಡವನ್ನು ಬಿಸಿಲಿಗಿಡಲು ಹಿಂಬಾಗಿಲು ತೆರೆದೆ. ಅಲಾರಂ ಕೂಗಿಕೊಂಡಿತು. ಗೋಪಿ ಅಲ್ಲಿಂದಲೇ ತನ್ನ ಮೊಬೈಲಿನಲ್ಲಿ ಅದನ್ನು ನಿಲ್ಲಿಸಿ ನನಗೆ ಫೋನ್ ಮಾಡಿದ.

"ಅಮ್ಮಾ, ಡೋರ್ ಓಪನ್ ಮಾಡೋಕೆ ಮುಂಚೆ ಕೋಡ್ ಹಾಕ್ಬೇಕು ಅಂತ ಹೇಳಿದ್ನಲ್ಲ?"

"ನನ್ನ ಮನೆ ಬಾಗಿಲು ತೆಗೆಯೋಕೆ ನಿನ್ನನ್ನ ಕೇಳ್ಬೇಕಾ?"

ಹಿಂದೆ ಗಾಳಿಯ ಸದ್ದು. ನಿಹಾಲ್ ನಗುತ್ತ, "ಅಜ್ಜೀ, ಆರ್ ಯು ಟ್ರೈಯಿಂಗ್ ಟು ಎಸ್ಕೇಪ್?" ಎಂದ.

"ಅಪ್ಪನ ಗಾಲ್ಫ್ ಸ್ಟಿಕ್‌ಗಳಲ್ಲೇ ಆಡ್ತಿದೀನಿ," ಎಂದ ಗೋಪಿ. "ಅವರೂ ಇರ್ಬೇಕಿತ್ತು."

"ಗಾಳಿ ಜೋರಿದೆ, ಟೋಪಿ ಹಾಕ್ಕೋ," ಎಂದೆ.

"ವಿಡಿಯೋ ಆನ್ ಮಾಡಿ ಸಮುದ್ರ ತೋರಿಸ್ಲಾ?"

ಬೇಡ, ಕೆಲಸವಿದೆ ಎಂದೆ. ಕೆಲಸವೇನೂ ಇರಲಿಲ್ಲ.

ನಾನು ಕುಂಡ ಹೊರಗಿಟ್ಟು ಬಾಗಿಲು ಮುಚ್ಚಿದ ಮೇಲೆ ಅವನು ಅಲ್ಲಿಂದಲೇ ಅಲಾರಂ ಮತ್ತೆ ಹಾಕಿದ. ಕೋಡ್ ನೆನಪಿಲ್ಲವೆಂದು ನಾನು ಹೇಳಲಿಲ್ಲ. ತುಳಸಿ ಹೊರಗೇ ಉಳಿದಿದೆ. ಗಾಜಿನ ಈಚೆ ಕೂತು ಅದನ್ನೇ ನೋಡುತ್ತಿದ್ದೇನೆ.