ಅತ್ತೆಯ ಎಡ, ನನ್ನ ಬಲ

ಜನವರಿ 9
ಪಾರ್ಕಿನ ಸುತ್ತ ಓಟ. ಚಳಿಗೆ ಮೂಗು ಸೋರುತ್ತಿದೆ. ಅಂಗಡಿಗೆ ಬರುವಷ್ಟರಲ್ಲಿ ಅತ್ತೆ ಆಗಲೇ ಹೊಲಿಗೆ ಮಷೀನಿಗೆ ಎಣ್ಣೆ ಬಿಡುತ್ತಿದ್ದರು. “ಯಾರೂ ಅಟ್ಟಿಸ್ಕೊಂಡು ಬರ್ದೇ ಹೀಗೆ ಯಾಕೆ ಓಡ್ತೀಯೋ, ನಂಗಂತೂ ಅರ್ಥ ಆಗಿಲ್ಲ” ಅಂದರು.

ಅಟ್ಟಿಸಿಕೊಂಡು ಬರುತ್ತದಲ್ಲ, ಬಿಳಿ ವ್ಯಾನ್! ಆರು ಗಂಟೆಯೊಳಗೆ ಮ್ಯಾರಥಾನ್ ಮುಗಿಸಲಾರದವರನ್ನು ಹತ್ತಿಸಿಕೊಳ್ಳಲು ಹಿಂದೆಯೇ ಬರುತ್ತದೆ. ಕಳೆದ ವರ್ಷ ನನ್ನನ್ನೂ ಹತ್ತಿಸಿಕೊಂಡಿತು. ಕಿಟಕಿ ಪಕ್ಕ ಕೂತು ಮೂಗು ಒರೆಸಿಕೊಂಡೇ ಮನೆಗೆ ಬಂದೆ. ಈ ಡಿಸೆಂಬರಿನಲ್ಲಿ ಆ ವ್ಯಾನ್ ಹತ್ತುವುದಿಲ್ಲ. ಅಷ್ಟೇ ನನ್ನ ಆಸೆ.

ಫೆಬ್ರವರಿ 16
ಉಸಿರಾಡಲೂ ಪುರುಸೊತ್ತಿಲ್ಲ. ಹೊಸ ಗಿರಾಕಿಯೊಬ್ಬರು ಅತ್ತೆಯನ್ನು ತಿದ್ದಲು ಹೋದರು — ಅದು ನನ್ನ ಬಲ ಭುಜ, ನೀವು ಎಡ ಅಂತೀರಲ್ಲ ಎಂದು. ಅತ್ತೆ ಕೇಳಿಸಿಕೊಂಡರೆ ತಾನೆ. ಎದುರು ನಿಂತು ಅಳೆಯುತ್ತಾರೆ, ತಮ್ಮ ಎಡಗೈ ಕಡೆ ಇರುವುದೆಲ್ಲ ಎಡ. ನಲವತ್ತು ವರ್ಷದ ಅಭ್ಯಾಸ. ಅವರು ಅಳತೆ ಹೇಳುತ್ತಾರೆ, ನಾನು ಮನಸ್ಸಿನಲ್ಲೇ ತಿರುವಿಹಾಕಿ ಬಟ್ಟೆಯ ಮೇಲೆ ಗೆರೆ ಎಳೆಯುತ್ತೇನೆ. ಸೊಸೆಯಾಗಿ ಬಂದ ಹೊಸದರಲ್ಲಿ ಒಂದು ಒಳ್ಳೆಯ ಕೋಟು ಹಾಳು ಮಾಡಿ ಕಲಿತ ವಿದ್ಯೆ. ಈಗ ನಿದ್ದೆಗಣ್ಣಿನಲ್ಲೂ ಬರುತ್ತದೆ.

ಗಿರಾಕಿಗೆ ಕಣ್ಸನ್ನೆ ಮಾಡಿದೆ, ನಾನಿದ್ದೇನೆ ಅಂತ.

ಮಾರ್ಚ್ 8
ಅತ್ತೆ ನನಗೆ ಓಟದ ಪ್ಯಾಂಟು ಹೊಲಿಯುತ್ತಾರಂತೆ! ಬೈಯುತ್ತಲೇ ಎದುರು ನಿಲ್ಲಿಸಿ, ಮೊಣಕಾಲೂರಿ ಟೇಪು ಹಿಡಿದರು. ಎರಡು ಸಲ ಅಳೆದರು.

“ಎಡಗಾಲು ಚೂರು ಗಿಡ್ಡ ನಿಂಗೆ. ಇಷ್ಟು ವರ್ಷ ಕುಂಟ್ಕೊಂಡೇ ಓಡಿದೀಯ ನೋಡು.”

ಹೀಗೆ ಎಷ್ಟೋ ಗಿರಾಕಿಗಳಿಗೆ ಇರುತ್ತದೆ. ಯಾರಿಗೂ ಹೇಳದೆ ಒಂದು ಕಾಲಿನ ಅಂಚು ಹೆಚ್ಚು ಮಡಿಸುತ್ತೇವೆ. ಅಂಚಿನಿಂದ ಓಟ ಸರಿಯಾಗುತ್ತದೆಯೇ? ಕೋಟಿನ ಕಾಲರಿಗೆ ಇಡುವ ಗಟ್ಟಿ ಬಟ್ಟೆ ಮೂರು ಪದರ, ಮೇಲೆ ಮೆತ್ತನೆಯ ಉಣ್ಣೆ — ಅತ್ತೆ ಹಿಮ್ಮಡಿಗೊಂದು ಪ್ಯಾಡ್ ಮಾಡಿಕೊಟ್ಟರು. ಎಡ ಶೂವಿನೊಳಗಿನ ಅಟ್ಟೆಗೆ ನಾನೇ ಹೊಲಿದುಕೊಂಡೆ. ಪ್ರೀತಿ ತೋರಿಸಲು ಬಾಯಿ ಬರದಿದ್ದರೂ ಈ ಹೆಂಗಸಿಗೆ ಕೈ ಬರುತ್ತದೆ.

ಏಪ್ರಿಲ್ 20
ಹಾಫ್ ಮ್ಯಾರಥಾನ್ ಮುಗಿಸಿದೆ. ಎಡ ಮೊಣಕಾಲು ಚುರುಚುರು. ಐಸ್ ಇಟ್ಟಿದ್ದೇನೆ. ಪ್ಯಾಡ್ ಒಗ್ಗಿಕೊಳ್ಳಬೇಕು, ಹೊಸ ಬಟ್ಟೆ ಮೈಗೆ ಕೂರಲು ಹೊತ್ತು ಬೇಡವೇ ಅಂದರು ಅತ್ತೆ. ಇರಬಹುದು.

ಮೇ 11
ಮೆಟ್ಟಿಲು ಇಳಿಯಲು ನನ್ನ ಗಂಡನ ಭುಜ ಬೇಕು. ಇವರು ಇಸ್ತ್ರಿ ಬಿಟ್ಟು ಓಡಿ ಬರುತ್ತಾರೆ, ಹಿಂದೆ ಸುಟ್ಟ ವಾಸನೆ.

ಅದು ಸಾಲದು ಎಂಬಂತೆ ಇವತ್ತು ಅತ್ತೆ ಒಂದು ಕೋಟಿನ ಬೆನ್ನು ತಪ್ಪಾಗಿ ಕತ್ತರಿಸಿದರು. ಗೆರೆಯೇ ಕಾಣಲಿಲ್ಲವಂತೆ. ಕತ್ತರಿ ನನ್ನ ಮೇಜಿನ ಮೇಲಿಟ್ಟು, “ಇನ್ಮೇಲೆ ನೀನೇ ನೋಡ್ಕೋ. ನನ್ ಕೈ ನಂಬೋ ಹಾಗಿಲ್ಲ” ಅಂದರು. ಗಿರಾಕಿ ನಕ್ಕು, ಹೋಗಲಿ ಬಿಡಿ ಅಂದರು. ಅತ್ತೆ ಊಟ ಮಾಡಲಿಲ್ಲ.

ಜೂನ್ 3
ಓಟವಿಲ್ಲ. ನಡಿಗೆಯೂ ಇಲ್ಲ. ಬರೆಯಲು ಏನಿದೆ…

ಜೂನ್ 17
ಫಿಸಿಯೋ ಮಲಗಿಸಿ ಅಳೆದಳು. ಶೂ ನೋಡಿದಳು. ಮತ್ತೆ ಅಳೆದಳು. ಗಿಡ್ಡ ಇರುವುದು ಬಲಗಾಲು! ಉದ್ದದ ಕಾಲಿಗೇ ಮೂರು ತಿಂಗಳು ಇನ್ನಷ್ಟು ಎತ್ತರ ಕೊಟ್ಟಿದ್ದೇನೆ. ಯಾರು ಅಳೆದರು ಎಂದು ಕೇಳಿದಳು. ನಗು ಬಂತು, ಅಳುವೂ ಬಂತು.

ಅತ್ತೆಯ ಅಳತೆ ಸರಿಯಾಗೇ ಇತ್ತು. ಅವರ ಎಡ ಅಂದರೆ ನನ್ನ ಬಲ. ಊರವರ ತೋಳೆಲ್ಲ ತಿರುವಿ ಹಾಕುವವಳು, ನನ್ನ ಕಾಲಿನ ಸರದಿ ಬಂದಾಗ ಮರೆತೆ. ಅಳತೆ ಕೊಟ್ಟು ನಿಂತು ಅಭ್ಯಾಸವೇ ಇಲ್ಲವಲ್ಲ.

ದಾರಿಯಲ್ಲಿ ಇವರಿಗೆ ಹೇಳಿದೆ. “ತಪ್ಪು ಇಬ್ರದ್ದು, ನೋವು ಒಬ್ಳದ್ದು” ಅಂದರು. ಅಮ್ಮನಿಗೆ ಹೇಳಬೇಡ ಎಂದೂ ಅಂದರು. ಹೇಳುತ್ತೇನೆಯೇ? ಅತ್ತೆ ದಿನಾ ಸಂಜೆ ನನ್ನ ಮೊಣಕಾಲಿಗೆ ಬಿಸಿನೀರಿನ ಚೀಲ ಇಡುತ್ತ, ಪ್ಯಾಡ್ ಇದ್ದದ್ದಕ್ಕೆ ಇಷ್ಟರಲ್ಲೇ ಹೋಯಿತು ಎನ್ನುತ್ತಾರೆ. ಕತ್ತರಿ ಇನ್ನೂ ನನ್ನ ಮೇಜಿನ ಮೇಲೇ ಇದೆ.

ಅವರು ಸ್ನಾನಕ್ಕೆ ಹೋದಾಗ ಹೊಲಿಗೆ ಬಿಚ್ಚಿ ಪ್ಯಾಡನ್ನು ಬಲ ಶೂವಿಗೆ ಹಾಕಿದೆ. ಕಳ್ಳಿಯ ಹಾಗೆ.

ಆಗಸ್ಟ್ 24
ಮತ್ತೆ ಓಟ! ಪಾರ್ಕಿನ ಅರ್ಧ ಸುತ್ತು. ನೋವಿಲ್ಲ. ಮುಟ್ಟಿ ಮುಟ್ಟಿ ನೋಡಿಕೊಂಡೆ, ನೋವಿಲ್ಲ. ಪ್ಯಾಡ್ ಕೊನೆಗೂ ಒಗ್ಗಿತು ಅಂದೆ. “ನಾ ಹೇಳಿರ್ಲಿಲ್ವಾ?” ಅಂದರು ಅತ್ತೆ. ಎಷ್ಟು ದಿನವಾಗಿತ್ತು ಆ ದನಿ ಕೇಳಿ.

ಅಕ್ಟೋಬರ್ 5
ಉದ್ದ ಓಟ ಚೆನ್ನಾಗಾಯಿತು. ಆದರೆ ನಾನು ಮಲಗಿದ್ದಾಗ ಅತ್ತೆ ಶೂ ತೊಳೆದಿದ್ದಾರೆ. ಒಳಗಿನ ಅಟ್ಟೆಗಳನ್ನೂ ತೆಗೆದು ಕಿಟಕಿಯಲ್ಲಿ ಒಣಹಾಕಿದ್ದಾರೆ. ಎಡದ್ದರಲ್ಲಿ ಬಿಚ್ಚಿದ ಹೊಲಿಗೆಯ ತೂತುಗಳು ಸಾಲಾಗಿವೆ. ಟೈಲರ್ ಕಣ್ಣು ಅದನ್ನು ಬಿಡುತ್ತದೆಯೇ? ಈಗಿನ ಅವರ ಕಣ್ಣಿಗೆ ಕಂಡಿರಲಾರದು. ಎಂದಿನ ಹಾಗೆ ಚಹಾ ಕೊಟ್ಟರು. ಬದುಕಿದೆ.

ಅಕ್ಟೋಬರ್ 12
ಅತ್ತೆಯೇ ಬಂದು ಕತ್ತರಿ ತೆಗೆದುಕೊಂಡು ಹೋದರು! ಗೆರೆ ದಪ್ಪಗೆ ಎಳೆದುಕೊಡು, ಕತ್ತರಿಸಿದ ಮೇಲೆ ಇನ್ನೊಂದು ಸಲ ನೋಡು ಎಂದರು. ತಪ್ಪು ಯಾರಿಗೂ ಆಗುತ್ತದಂತೆ. ಯಾಕೆ ಈ ಬದಲಾವಣೆ ಎಂದು ಕೇಳಲಿಲ್ಲ. ಬಂದ ಭಾಗ್ಯವನ್ನು ಯಾಕೆ ಕೆದಕುವುದು.

ಡಿಸೆಂಬರ್ 13
ನಾಳೆ. ಓಟದ ಬಟ್ಟೆ ತೆಗೆದಿಟ್ಟೆ. ಪ್ಯಾಂಟಿನ ಒಳಜೇಬಿನಲ್ಲಿ ಅತ್ತೆ ಒಂದು ಸೂಜಿ-ದಾರ ಇಟ್ಟಿದ್ದಾರೆ. ಏನಾದರೂ ಬಿಚ್ಚಿಕೊಂಡರೆ ಇರಲಿ ಅಂತೆ.

ಡಿಸೆಂಬರ್ 14, ಮಧ್ಯಾಹ್ನ
ಮುಗಿಸಿದೆ. ಮುಗಿಸಿದೆ!

ಕೊನೆಯ ತಿರುವಿನಲ್ಲಿ ಕಾಲು ನನ್ನದಾಗಿರಲಿಲ್ಲ. ಬೆನ್ನ ಹಿಂದೆಯೇ ವ್ಯಾನಿನ ಸದ್ದು. ಮುಂದೆ ಎರಡು ಕಮಾನು — ಒಂದು ಹಾಫ್‌ನವರಿಗೆ, ಒಂದು ನಮಗೆ. ಯಾವುದು ಯಾವುದೋ, ಕಣ್ಣು ಮಂಜು. ಆಚೆ ಕಡೆ ನನ್ನ ಎದುರಿಗೇ ಅತ್ತೆ, ಪಕ್ಕದಲ್ಲಿ ಇವರು. ಅತ್ತೆ ಕೈ ಬೀಸಿ ಕೂಗಿದರು — ಬಲಕ್ಕೆ, ಬಲಕ್ಕೆ.

ತಲೆ ಕೆಲಸ ಮಾಡದಿದ್ದರೂ ಅಭ್ಯಾಸ ಬಿಡುತ್ತದೆಯೇ. ತಿರುವಿಹಾಕಿ ಎಡಕ್ಕೆ ಹೊರಳಿದೆ. ಆಗ ಅತ್ತೆ, ಅಂಗಡಿಯಲ್ಲಿ ಒಮ್ಮೆಯೂ ದನಿ ಎತ್ತದವರು, ಗಂಟಲು ಹರಿಯುವ ಹಾಗೆ —

“ನಿನ್ನ ಬಲಕ್ಕೆ! ನಿನ್ನ ಬಲ!”

ಹೊರಳಿ, ಎಡವಿ, ಹೇಗೋ ಸರಿಯಾದ ಕಮಾನು ದಾಟಿದೆ. ವ್ಯಾನ್ ಹಿಂದೆಯೇ ಉಳಿಯಿತು. ಅತ್ತೆ ನನ್ನ ಬೆವರಿದ ಮೈಯನ್ನೇ ತಬ್ಬಿಕೊಂಡರು. ಪದಕ ಕೊರಳಿಗೆ ಬಿದ್ದ ಮೇಲೆ ಹೊಳೆಯಿತು. ನಲವತ್ತು ವರ್ಷದಲ್ಲಿ ಯಾರ ಬಲವನ್ನೂ ಅವರ ಬಲ ಎಂದು ಕರೆದವರಲ್ಲ ಈ ಹೆಂಗಸು.

ಹಾಗಾದರೆ ಆ ತೂತುಗಳು… ಕಣ್ಣಿಗೆ ಅಲ್ಲ, ಬೆರಳಿಗೆ ಸಿಕ್ಕಿರಬೇಕು. ಎರಡು ತಿಂಗಳಿಂದ ಗೊತ್ತಿದ್ದೂ ನನಗೋಸ್ಕರ ಗೊತ್ತಿಲ್ಲದ ಹಾಗೆ ಇದ್ದರು, ನಾನು ಅವರಿಗೋಸ್ಕರ ಇದ್ದ ಹಾಗೆ.

ಕೇಳಿಬಿಡಲೇ? ಬಿಸಿನೀರಿನ ಚೀಲ ಹಿಡಿದು ಬರುತ್ತಿದ್ದಾರೆ. ಯಾವ ಕಾಲು ಅಂತ ಕೇಳುತ್ತಿದ್ದಾರೆ. ಎಡ ಅಂದೆ. ಚೀಲ ಹಿಡಿದು ನಿಂತೇ ಇದ್ದಾರೆ, “ಯಾರ ಎಡ?”